ನಡೆದೆ ಅನ್ನಲು ನಾಚಿಕೆ ಯಾಕೆ?

ಮಳೆಗಾಲಕ್ಕೆ ಎಂಥ ಶೂ ಬೇಕು ಅನ್ನುವುದರ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಅದು ಇನ್ನೊಂದು ವಾರ ಕಾಯಲಿ. ಭಾನುವಾರ ಲಾಂಗ್ ರನ್ ಮುಗಿಸಿ ಲಾಲ್‌ಬಾಗಿನ ಹೊರಗೆ ಇಡ್ಲಿ ತಿನ್ನುತ್ತಾ ನಿಂತಿದ್ದಾಗ ಕಿವಿಗೆ ಬಿದ್ದ ಮಾತೊಂದು ತಲೆ ಬಿಟ್ಟು ಹೋಗುತ್ತಿಲ್ಲ. ನಮ್ಮ ಗುಂಪಿಗೆ ಈಚೆಗೆ ಸೇರಿದ ಹುಡುಗನೊಬ್ಬ ತನ್ನ ಮೊದಲ ಫುಲ್ ಮ್ಯಾರಥಾನ್ ಬಗ್ಗೆ ಹೇಳುತ್ತಿದ್ದ. ಓಡಿದ್ದು ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್‌ನಲ್ಲಿ. "ಇಪ್ಪತ್ತೆಂಟರವರೆಗೆ ಚೆನ್ನಾಗಿತ್ತು ಸಾರ್, ಆಮೇಲೆ ಸ್ವಲ್ಪ..." ಎಂದು ನಿಲ್ಲಿಸಿದ. ಪಕ್ಕದಲ್ಲಿದ್ದ ಹಿರಿಯ ಓಟಗಾರ್ತಿ, ನಾವೆಲ್ಲ ಅಕ್ಕ ಎಂದೇ ಕರೆಯುವವರು, "ಸ್ವಲ್ಪ ಏನಪ್ಪಾ? ನಡೆದ್ಯಾ?" ಅಂದರು. ಹುಡುಗ ತಲೆ ತಗ್ಗಿಸಿದ. "ಹೌದಕ್ಕ. ದಯವಿಟ್ಟು ಗ್ರೂಪಲ್ಲಿ ಹಾಕ್ಬೇಡಿ."

ಆ ದಾರಿಯಲ್ಲಿ ಓಡಿದವರಿಗೆ ಇಪ್ಪತ್ತೆಂಟನೇ ಕಿಲೋಮೀಟರ್ ಅಂದರೆ ಏನೆಂದು ವಿವರಿಸಬೇಕಿಲ್ಲ. ರಂಗನತಿಟ್ಟಿನ ಕಡೆಯ ನಾಲೆ ಏರಿ, ಮಣ್ಣಿನ ಹಾದಿ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಬೆಳಗಿನ ಮೊದಲೆರಡು ಗಂಟೆ ಅಷ್ಟು ಚಂದದ ಓಟದ ದಾರಿ ನನ್ನ ಮಟ್ಟಿಗೆ ಕರ್ನಾಟಕದಲ್ಲಿ ಬೇರೆ ಇಲ್ಲ. ಹೊತ್ತು ಏರಿದ ಮೇಲೆ ಬಿಸಿಲು ನೇರ ನೆತ್ತಿಗೆ. ಹಾಫ್ ಓಡಿದವರೆಲ್ಲ ಆ ಹೊತ್ತಿಗೆ ಮುಗಿಸಿ ಮನೆಗೆ ಹೊರಟಿರುತ್ತಾರೆ. ಏರಿಯ ಮೇಲೆ ಮುಂದೆಯೂ ಯಾರಿಲ್ಲ, ಹಿಂದೆಯೂ ಯಾರಿಲ್ಲ. ಮೊದಲ ಸಲ ಫುಲ್ ಓಡುವವನು ಅಲ್ಲಿ ನಡೆದರೆ ಅದು ಸೋಲಲ್ಲ, ದೇಹ ಕೊಟ್ಟ ನೇರ ಉತ್ತರ.

ಬಿಡಿಸಿ ಬಿಡಿಸಿ ಕೇಳಿದಾಗ ಹೊರಗೆ ಬಂದ ಸಂಗತಿ ಇದು. ಅಭ್ಯಾಸದಲ್ಲೆಲ್ಲ ಕಿಲೋಮೀಟರಿಗೆ ಆರೂಕಾಲು ನಿಮಿಷದಂತೆ ಓಡುತ್ತಿದ್ದವನು ಅಂದು ಮೊದಲ ಹತ್ತನ್ನು ಐದೂವರೆಯಲ್ಲಿ ಓಡಿದ್ದ. ಬೆಳಗಿನ ಜಾವ ತಿಂದಿದ್ದು ಒಂದು ಬಾಳೆಹಣ್ಣು. ಇಪ್ಪತ್ತರವರೆಗೆ ಬಾಯಾರಿಕೆ ಇಲ್ಲವೆಂದು ನೀರಿನ ಮೇಜುಗಳನ್ನೆಲ್ಲ ದಾಟಿಕೊಂಡು ಹೋಗಿದ್ದ. ಇಪ್ಪತ್ತೈದರ ಆಸುಪಾಸಿಗೆ ಮೀನಖಂಡ ಸಣ್ಣಗೆ ಹಿಡಿದು ಬಿಟ್ಟಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಮೊದಲ ಫುಲ್‌ಗೆ ಹೊರಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ತರಬೇತುದಾರ ಕೊಡುತ್ತಾನೆ? ಇಷ್ಟನ್ನೂ ಮುಚ್ಚಿಟ್ಟು ಗ್ರೂಪಿಗೆ ಅವನು ಹಾಕಿದ್ದು ಮೆಡಲ್ ಕಚ್ಚಿ ಹಿಡಿದ ಒಂದು ಫೋಟೊ.

ಅವನನ್ನು ದೂರಿ ಫಲವಿಲ್ಲ. ನಮ್ಮ ಗುಂಪುಗಳು ಕಲಿಸಿರುವುದೇ ಅದನ್ನು. ಸ್ಟ್ರಾವಾದಲ್ಲಿ ಒಟ್ಟು ತಗುಲಿದ ಸಮಯ ಬೇರೆ, ಕಾಲು ಆಡಿದ ಸಮಯ ಬೇರೆ. ಹಂಚಿಕೊಳ್ಳುವಾಗ ಎರಡನೆಯದೇ ಮುಂದೆ ಬರುತ್ತದೆ. ನಿಂತಿದ್ದು, ಕೂತಿದ್ದು, ಮರಕ್ಕೆ ಕೈ ಕೊಟ್ಟು ತೊಡೆ ಎಳೆದುಕೊಂಡಿದ್ದು ಎಲ್ಲ ಅದರಲ್ಲಿ ಮಾಯ. ಓದುವ ಹೊಸಬನಿಗೆ ತಾನೊಬ್ಬನೇ ಕುಸಿಯುವವನು ಅನ್ನಿಸದೆ ಇನ್ನೇನು?

ಇದಕ್ಕೆ ಮೂಲ, ಓಟದಲ್ಲಿ ನಡೆದರೆ ಅದು ಓಟವೇ ಅಲ್ಲ ಎನ್ನುವ ಪಂಥ. ಅವರ ಜೊತೆ ನನ್ನ ಜಗಳ ಹಳೆಯದು, ಈ ಅಂಕಣವನ್ನು ಓದುತ್ತ ಬಂದವರಿಗೆ ಗೊತ್ತು. ಪಾರ್ಕುಗಳಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತು, ಕಾಲೆಳೆಯುತ್ತಿರುವವರಿಗೆ "ನಡೀಬೇಡಿ, ನಡೀಬೇಡಿ" ಎಂದು ಕೂಗುವವರು ಈ ಪಂಥದವರೇ. ಅವರಲ್ಲಿ ಓದುವ ಅಭ್ಯಾಸ ಇದ್ದವರು ನನ್ನೆದುರು ಕೊನೆಗೆ ಎತ್ತುವ ಹೆಸರು ಹರುಕಿ ಮುರಕಾಮಿ. ಆ ಜಪಾನಿ ಕಾದಂಬರಿಕಾರ ಓಟದ ಬಗ್ಗೆ ಬರೆದ ನೆನಪುಗಳ ಪುಸ್ತಕ ಬಂದಿದ್ದು 2007ರಲ್ಲಿ. ತನ್ನ ಸಮಾಧಿಕಲ್ಲಿನ ಮೇಲೆ, ಕಡೆಯವರೆಗೂ ನಡೆಯದೆ ಉಳಿದವನು ಎಂಬರ್ಥದ ಮಾತು ಇರಲಿ ಎಂದು ಅಲ್ಲಿ ಅವರು ಬಯಸುತ್ತಾರೆ. ಈ ಮಾತನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿಕೊಂಡವರನ್ನು ನಾನು ನೋಡಿದ್ದೇನೆ.

ಆ ಪುಸ್ತಕ ನನಗೂ ಪ್ರಿಯವೇ. ಹವ್ಯಾಸಿ ಓಟಗಾರನ ಬಗ್ಗೆ ಅಷ್ಟು ಪ್ರಾಮಾಣಿಕವಾದ ಬರಹ ನಾನು ಬೇರೆ ಓದಿಲ್ಲ. ಆದರೆ ಅದನ್ನು ಪೂರ್ತಿ ಓದಬೇಕು. 1996ರ ಜೂನ್‌ನಲ್ಲಿ ಹೊಕ್ಕೈಡೊ ದ್ವೀಪದ ಸರೋಮಾ ಸರೋವರದ ಬಳಿ ಅವರು ನೂರು ಕಿಲೋಮೀಟರ್ ಓಡಿದ ಅಧ್ಯಾಯವಿದೆ. ಐವತ್ತೈದರ ಹತ್ತಿರದ ತಂಗುದಾಣ ದಾಟಿದ ಮೇಲೆ ದೇಹದ ಒಂದೊಂದು ಭಾಗವೂ ಸರದಿಯಂತೆ ಬಂಡೇಳುತ್ತದೆ. ತಾನು ಮನುಷ್ಯನಲ್ಲ, ಯಂತ್ರ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವರು ಮುಂದೆ ಸಾಗುತ್ತಾರೆ. ನಡೆಯಬಾರದೆಂಬ ನಿಯಮ ಮುರಿಯುವುದಿಲ್ಲ. ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಮುಗಿಸುತ್ತಾರೆ. ಟೀ ಶರ್ಟಿನವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಮುಂದಿನ ಪುಟಗಳಲ್ಲಿ ಇರುವುದು ಬೇರೆಯದು. ಆ ಓಟದ ನಂತರ ಅವರಿಗೆ ಓಟದ ಮೇಲಿದ್ದ ಆಸೆಯೇ ಬತ್ತಿಹೋಗುತ್ತದೆ. ಬೆಳಗೆದ್ದು ಶೂ ಕಟ್ಟುವ ಸಹಜ ಹುರುಪು ಮೊದಲಿನಂತೆ ಮರಳುವುದಿಲ್ಲ, ಅದೂ ವರ್ಷಗಟ್ಟಲೆ. ಮನಸ್ಸು ಟ್ರಯಥ್ಲಾನ್ ಕಡೆ ಹೊರಳುತ್ತದೆ. ಆ ಮಂಕನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ನನಗೆ ಆ ಪುಸ್ತಕ ದೊಡ್ಡದಾಗುವುದು ಆ ಪುಟಗಳಲ್ಲಿ. ಅದನ್ನು ಅಚ್ಚು ಹಾಕಿಸಿಕೊಂಡವರನ್ನು ಇನ್ನೂ ಕಂಡಿಲ್ಲ.

ನಡೆಯುವುದು ಮಂದಗತಿಯವರ ಚಾಳಿ ಅನ್ನುವವರಿಗೆ ಬಿಲ್ ರಾಡ್ಜರ್ಸ್ ಓಟವನ್ನು ನೆನಪಿಸುತ್ತೇನೆ. 1975ರ ಬೋಸ್ಟನ್ ಮ್ಯಾರಥಾನ್. ಮುಂಚೂಣಿಯಲ್ಲಿದ್ದ ಆತ ನೀರು ಕುಡಿಯಲು ಹಲವು ಬಾರಿ ನಿಂತ, ಸಡಿಲಾದ ಶೂ ಲೇಸ್ ಕಟ್ಟಿಕೊಳ್ಳಲೂ ನಿಂತ. ಮುಗಿಸಿದ ಸಮಯ 2 ಗಂಟೆ 9 ನಿಮಿಷ 55 ಸೆಕೆಂಡು. ಗೆದ್ದ ಮಾತ್ರವಲ್ಲ, ಅಮೆರಿಕದ ದಾಖಲೆಯನ್ನೂ ಮುರಿದ.

ಫೌಜಾ ಸಿಂಗ್ ವಿಷಯಕ್ಕೆ ಬಂದರೆ ನಮ್ಮ ಈ ಪಂಥದವರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. 2011ರಲ್ಲಿ, ನೂರು ವರ್ಷವೆಂದು ಹೇಳಿಕೊಂಡ ವಯಸ್ಸಿನಲ್ಲಿ, ಟೊರಾಂಟೊದಲ್ಲಿ ಅವರು 42.195 ಕಿಲೋಮೀಟರನ್ನು ಎಂಟು ಗಂಟೆ ಹನ್ನೊಂದು ನಿಮಿಷದಲ್ಲಿ ಮುಗಿಸಿದರು. ಭಾಗಿಸಿ ನೋಡಿ: ಗಂಟೆಗೆ ಐದು ಕಿಲೋಮೀಟರಿಗಿಂತ ತುಸು ಹೆಚ್ಚು. ಅದು ಚುರುಕು ನಡಿಗೆಯ ವೇಗ. ಆ ಹಿರಿಯರನ್ನು ಮ್ಯಾರಥಾನ್ ಓಟಗಾರ ಅನ್ನುವುದಾದರೆ ನಾಲೆ ಏರಿಯ ಮೇಲೆ ಕಾಲು ಹಿಡಿದ ಹುಡುಗನನ್ನೂ ಅನ್ನಬೇಕು.

ಈಗ ಲೆಕ್ಕ. ಕಿಲೋಮೀಟರಿಗೆ ಆರು ನಿಮಿಷದಂತೆ ಒಂದೇ ಸಮನೆ ಓಡಿ ಮೂವತ್ತಕ್ಕೆ ಬಂದವನಿಗೆ ಮೂರು ಗಂಟೆ ಆಗಿರುತ್ತದೆ. ಸ್ನಾಯುಗಳಲ್ಲಿದ್ದ ಗ್ಲೈಕೋಜನ್ ಬಹುಮಂದಿಗೆ ಅಲ್ಲಿಗೆ ತಳ ಕಂಡಿರುತ್ತದೆ. ಉಳಿದ ದೂರವನ್ನು ಕಿಲೋಮೀಟರಿಗೆ ಹತ್ತು ನಿಮಿಷದಂತೆ ಎಳೆದರೆ ಒಟ್ಟು ಐದು ಗಂಟೆ ಎರಡು ನಿಮಿಷ. ಇನ್ನೊಬ್ಬ ಅದೇ ಆರರ ಪೇಸ್‌ನಲ್ಲೇ ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತಾನೆ. ಇದನ್ನು ಮೊದಲ ಕಿಲೋಮೀಟರಿನಿಂದ ಕೊನೆಯವರೆಗೂ ಬಿಡದೆ ಪಾಲಿಸುತ್ತಾನೆ. ಅವನ ಸಮಯ ನಾಲ್ಕು ಗಂಟೆ ಮೂವತ್ತೈದು. ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮುಂಚೆ ನಡೆಯುವುದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದ್ದ ಜೆಫ್ ಗ್ಯಾಲೊವೆ 1974ರಿಂದ ಹೊಸ ಓಟಗಾರರಿಗೆ ಕಲಿಸುತ್ತ ಬಂದ ವಿಧಾನ ಇದೇ. ಇದನ್ನು ಹುಟ್ಟುಹಾಕಿದ್ದು ಓಡಲು ಬಾರದವರಲ್ಲ ಎಂಬುದನ್ನು ಗಮನಿಸಬೇಕು. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ, ನಡೆಯುವಾಗ ಮೈತೂಕಕ್ಕಿಂತ ಚೂರು ಹೆಚ್ಚಷ್ಟೇ. ಆ ಒಂದು ನಿಮಿಷದಲ್ಲಿ ಮಂಡಿಗೂ ಮೀನಖಂಡಕ್ಕೂ ಬಿಡುವು ಸಿಗುತ್ತದೆ.

ಜರ್ಮನಿಯಲ್ಲಿ ಹವ್ಯಾಸಿ ಮ್ಯಾರಥಾನ್ ಓಟಗಾರರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಒಂದು ಗುಂಪು ಎರಡೂವರೆ ಕಿಲೋಮೀಟರಿಗೊಮ್ಮೆ ಒಂದು ನಿಮಿಷ ನಡೆಯಿತು, ಇನ್ನೊಂದು ಗುಂಪು ನಿಲ್ಲದೆ ಓಡಿತು. ಮುಗಿಸಿದ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನೋವು, ದಣಿವು ಮಾತ್ರ ನಡೆದವರಲ್ಲಿ ಕಡಿಮೆ ಇತ್ತು. ಇನ್ನು ಮಲೆನಾಡಿನ ಕಾಫಿ ತೋಟಗಳ ಅಲ್ಟ್ರಾಗಳಿಗೆ ಹೋಗಿ ಬಂದವರನ್ನು ಕೇಳಿ, ಏರಿನಲ್ಲಿ ಓಡುವವರು ಎಷ್ಟು ಮಂದಿ ಅಂತ. ಅಲ್ಲಿ ನಡೆಯುವುದನ್ನೂ ಅಭ್ಯಾಸ ಮಾಡಿಕೊಂಡೇ ಬಂದಿರುತ್ತಾರೆ.

ಇಡ್ಲಿ ತಟ್ಟೆಯ ಮುಂದೆ ಅಕ್ಕ ಹೇಳಿದ ಅವರದೇ ಅನುಭವವೊಂದನ್ನು ಇಲ್ಲಿ ದಾಖಲಿಸಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಫುಲ್‌ನಲ್ಲಿ ಅವರನ್ನು ಮೂವತ್ತೆರಡಕ್ಕೆ ವೈದ್ಯರು ನಿಲ್ಲಿಸಿದ್ದರು. ಬಿಸಿಲಿಗೆ ಹೆದರಿ ಪ್ರತಿ ಮೇಜಿನಲ್ಲೂ ಎರಡು ಲೋಟ ನೀರು ಕುಡಿದಿದ್ದರಂತೆ, ಉಪ್ಪು ಒಂದು ಚೂರೂ ಇಲ್ಲ. ಮೊದಲು ಬೆರಳು ಊದಿ ಉಂಗುರ ಬಿಗಿಯಾಯಿತು, ಆಮೇಲೆ ಹೊಟ್ಟೆ ತೊಳಸಿತು, ಆಮೇಲೆ ತಲೆ ಮಂಕು. ನೀರು ಸಾಲದೆ ಹೀಗಾಗುತ್ತಿದೆ ಎಂದುಕೊಂಡು ಇನ್ನಷ್ಟು ಕುಡಿದರು. ರಕ್ತದಲ್ಲಿ ಸೋಡಿಯಂ ಇಳಿದಿತ್ತು. ಇದು ಜೀವಕ್ಕೇ ಅಪಾಯ ತರಬಲ್ಲದು. ನಿಧಾನವಾಗಿ ಓಡುವವರಿಗೆ ಇದರ ಭಯ ಹೆಚ್ಚು, ಯಾಕೆಂದರೆ ದಾರಿಯಲ್ಲಿ ಕುಡಿಯಲು ಅವರಿಗೇ ಹೆಚ್ಚು ಸಮಯ. "ಆವತ್ತು ಮನೆಗೆ ಬಂದೋಳು ಇದನ್ನ ಎಲ್ಲರಿಗೂ ಹೇಳ್ದೆ. ಮುಗಿಸಿದ್ದಿದ್ರೆ ಹೇಳೋಕೆ ಏನಿತ್ತು?" ಅಂದರು ಅಕ್ಕ. ಅವರು ಹೇಳಿದ್ದರಿಂದಲೇ, ಮರುವರ್ಷ ನಮ್ಮ ಗುಂಪಿನ ಇನ್ನೊಬ್ಬಾಕೆ ಉಂಗುರ ಬಿಗಿಯಾದ ಕೂಡಲೇ ನೀರು ಬಿಟ್ಟು, ನಡೆಯುತ್ತ ವೈದ್ಯಕೀಯ ಶಿಬಿರಕ್ಕೆ ಹೋಗಿ ಕೂತಳು.

ಈ ಋತುವಿನ ಓಟಗಳಿಂದ ವಾಪಸಾಗುವ ಓದುಗರಲ್ಲಿ ಒಂದು ವಿನಂತಿ. ನನಗೆ ಟೈಮಿಂಗ್ ಕಳಿಸಬೇಡಿ. ಎಷ್ಟನೇ ಕಿಲೋಮೀಟರಿನಲ್ಲಿ ನಡೆದಿರಿ, ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಏನು ತಿಂದಿರಿ, ಏನು ಕುಡಿದಿರಿ, ಮೊದಲ ಹತ್ತನ್ನು ಯಾವ ಪೇಸ್‌ನಲ್ಲಿ ಓಡಿದಿರಿ, ಬಿಸಿಲು ಹೇಗಿತ್ತು, ನೋವು ಶುರುವಾಗಿದ್ದು ಎಲ್ಲಿ, ಅದನ್ನು ಬರೆಯಿರಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಹಾಕಿ ಅಂದವರ ಪತ್ರಗಳಿಗೆ ಇಲ್ಲಿ ಮೊದಲ ಜಾಗ.