ದಾರ ಕಂಡರೂ ಹಾರುವ ಚಾಪೆ

ಒಲೆಯ ಮುಂದೆ ಕುಳಿತ ಹೆಣ್ಣು ದೆವ್ವ ಕಟ್ಟಿಗೆಯ ಬದಲು ತನ್ನ ಕಾಲನ್ನೇ ಒಲೆಯೊಳಗೆ ಚಾಚಿ ಉರಿ ಮಾಡುತ್ತದೆ. 1978ರ ತೆಲುಗು ‘ಜಗನ್ಮೋಹಿನಿ’ಯ ಕಥೆ ಮರೆತವರೂ ಈ ದೃಶ್ಯ ಮರೆತಿರಲಾರರು. ಉರಿಯುವುದು ನಟಿಯ ಕಾಲಲ್ಲವೆಂದು ಸಣ್ಣ ಹುಡುಗರಿಗೂ ಗೊತ್ತು. ಗೊತ್ತಿದ್ದೂ ಮೈ ಜುಮ್ಮೆನ್ನುತ್ತದೆ. ಕತ್ತಿ, ಮಂತ್ರವಾದಿ, ಪಾತಾಳ, ಏಳು ಸಮುದ್ರದಾಚೆಯ ಗಿಳಿಯೊಳಗಿನ ಜೀವ, ಇವನ್ನೆಲ್ಲ ಕಡಿಮೆ ರೊಕ್ಕದಲ್ಲಿ ಕಟ್ಟಿದ ಚಿತ್ರಗಳನ್ನು ‘ಕೆಟ್ಟಿರುವುದರಿಂದಲೇ ಚೆಂದ’ ಎಂದು ಮೆಚ್ಚುವವರು ಈಗ ಹೆಚ್ಚಿದ್ದಾರೆ. ಅಂಥ ಮೆಚ್ಚುಗೆಯಲ್ಲಿ ತಾತ್ಸಾರ ಅಡಗಿದೆ. ಅದನ್ನು ನಾನು ಒಪ್ಪಲಾರೆ. ಇವು ಚೆಂದ ಕಾಣುವುದು ಕಸುಬು ಗಟ್ಟಿಯಾಗಿರುವುದರಿಂದ, ನೋಡುವವರ ಪಾಲಿನ ಕೆಲಸವನ್ನು ನೋಡುವವರಿಗೇ ಬಿಟ್ಟಿರುವುದರಿಂದ.

ಆ ಚಿತ್ರದ ನಿರ್ದೇಶಕ ಬಿ. ವಿಠಲಾಚಾರ್ಯರು 1920ರಲ್ಲಿ ಉಡುಪಿ ಬಳಿಯ ಉದ್ಯಾವರದಲ್ಲಿ ಹುಟ್ಟಿದವರು. ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸು ಕಟ್ಟಿ, ಆಮೇಲೆ ಮೈಸೂರಿನಲ್ಲಿ ಡಿ. ಶಂಕರಸಿಂಗ್ ಅವರೊಡನೆ ಮಹಾತ್ಮ ಪಿಕ್ಚರ್ಸ್ ಮೂಲಕ ಚಿತ್ರ ತಯಾರಿಕೆಗಿಳಿದರು. ‘ನಾಗಕನ್ನಿಕಾ’ (1949), ಕನ್ನಡದ ‘ಜಗನ್ಮೋಹಿನಿ’ (1951) ಆ ಸಂಸ್ಥೆಯವು. ತಂಬಿನಲ್ಲಿ ಟಿಕೆಟು ಮಾರಿದವರಿಗೆ ನೆಲದ ಮೇಲೆ ಕೂತ ಜನ ಎಲ್ಲಿ ಆಕಳಿಸುತ್ತಾರೆ, ಎಲ್ಲಿ ಸಿಳ್ಳೆ ಹಾಕುತ್ತಾರೆ ಎಂಬುದು ತಿಳಿದೇ ಇರುತ್ತದೆ. ರೊಕ್ಕದ ಲೆಕ್ಕವೂ ಅವರದು ಬಿಗಿ. 1963ರಲ್ಲಿ ಒಂದೇ ಕಥೆಯನ್ನು ಕನ್ನಡದಲ್ಲಿ ರಾಜ್‌ಕುಮಾರರ ‘ವೀರಕೇಸರಿ’ಯಾಗಿ, ತೆಲುಗಿನಲ್ಲಿ ಎನ್.ಟಿ. ರಾಮರಾವ್ ಅವರ ‘ಬಂದಿಪೋಟು’ ಆಗಿ ತೆಗೆದರು. ಯಾವ ನಟನಾದರೂ ತಕರಾರು ಮಾಡಿದರೆ ಅವನ ಪಾತ್ರಕ್ಕೆ ಶಾಪ ಕೊಡಿಸಿ ಪ್ರಾಣಿಯನ್ನಾಗಿಸಿ ಚಿತ್ರ ಮುಗಿಸುತ್ತಿದ್ದರು ಎಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಓಡಾಡುತ್ತದೆ. ನಿಜವಿರಲಿ, ಬಿಡಲಿ, ಜಾನಪದ ಕಥೆಯ ಹದ ಅದರಲ್ಲಿದೆ: ಶಾಪವೆಂಬುದು ಇಕ್ಕಟ್ಟಿನಿಂದ ಕಥೆಯನ್ನು ಪಾರುಮಾಡುವ ಹಳೆಯ ದಾರಿ. ಮುಂಬಯಿಯಲ್ಲಿ ಬಾಬುಭಾಯಿ ಮಿಸ್ತ್ರಿಯವರೂ ಇದೇ ಹಾದಿಯವರು. 1937ರ ‘ಖ್ವಾಬ್ ಕಿ ದುನಿಯಾ’ದಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಕರಿ ದಾರ ಕಟ್ಟಿ ಸಾಮಾನುಗಳನ್ನು ಗಾಳಿಯಲ್ಲಿ ತೇಲಿಸಿದ ಅವರಿಗೆ ‘ಕಾಲಾ ಧಾಗಾ’ ಎಂಬ ಹೆಸರೇ ಬಿತ್ತು. ಮುಂದೆ ‘ಹಾತಿಮ್ ತಾಯಿ’ (1956) ಮೊದಲಾದವುಗಳ ಮಾಯೆಯ ಹಿಂದೆಯೂ ಅವರ ಕೈಯಿದೆ.

ಅಕ್ಕಲಕೋಟೆ, ಚಪಳಗಾಂವ ಸೀಮೆಯ ಜನಕ್ಕೆ ಈ ಮಾಯೆಯನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡಾಟ ಅದನ್ನು ಮೊದಲೇ ಕಲಿಸಿದೆ. ಬಣ್ಣದ ಕಾಗದ ಮೆತ್ತಿದ ಕಿರೀಟ, ಹಗುರ ಕಟ್ಟಿಗೆಯ ಭುಜಕೀರ್ತಿ. ಅಟ್ಟದ ಮೇಲೆ ಒಂದು ಸುತ್ತು ಹಾಕಿದರೆ ಊರು ದಾಟಿದಂತೆ. ರಾಜ ಯಾರೆಂದು ಸಾರಥಿ ಕೇಳುತ್ತಾನೆ, ರಾಜ ಹೇಳುತ್ತಾನೆ, ಅಷ್ಟಕ್ಕೇ ಎದುರಿಗೆ ಅರಮನೆ ಎದ್ದು ನಿಲ್ಲುತ್ತದೆ. ಅರಮನೆ ಕಟ್ಟಿದವರು ಕೆಳಗೆ ಕೂತವರು. ಪರದೆಯ ಮೇಲಿನ ರಟ್ಟಿನ ಗುಹೆಗೂ ಇದೇ ಕರಾರು. ಇಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸೊಲ್ಲಾಪುರದ ಮಗ್ಗದ ಓಣಿಗಳಲ್ಲಿ ತೆಲುಗು. ಮಾತು ಅರ್ಧ ತಿಳಿಯದಿದ್ದರೂ ಹಾರುವ ಚಾಪೆ ಪೂರ್ತಿ ತಿಳಿಯುತ್ತದೆ. ಕಣ್ಣಿನಿಂದಲೇ ಕಥೆ ನಡೆಸುವ ಈ ಶಕ್ತಿ ಫಾಲ್ಕೆಯವರ ‘ಕಾಲಿಯ ಮರ್ದನ’ (1919) ಕಾಲದ್ದು. ಮಾತಿನ ಚಿತ್ರಗಳು ಬಂದ ಮೇಲೆ ಅದನ್ನು ಜೋಪಾನ ಮಾಡಿದವರಲ್ಲಿ ಈ ಅಗ್ಗದ ಚಿತ್ರಗಳ ಕಸುಬುದಾರರ ಹೆಸರನ್ನು ಮೊದಲು ಹೇಳಬೇಕು.

ಇವು ಮೌಢ್ಯ ಬಿತ್ತುತ್ತವೆ ಎಂಬ ಆಕ್ಷೇಪ ಹಗುರದ್ದಲ್ಲ. ಆದರೆ ಮೌಢ್ಯದ ವ್ಯಾಪಾರಿ ತನ್ನ ದಾರವನ್ನು ಬಚ್ಚಿಡುತ್ತಾನೆ. ಈ ಚಿತ್ರಗಳಲ್ಲಿ ದಾರ ಕಣ್ಣಿಗೆ ಬೀಳುತ್ತದೆ. ಮಾಯೆ ಕೈಯಿಂದಾದದ್ದು ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಸಿಗದು. ಹೆಣ್ಣಿನ ಮೈಯನ್ನು ಸರಕಾಗಿಸಿದ ಕುಣಿತಗಳ ಬಗ್ಗೆ ನನ್ನ ಬಳಿ ಸಮರ್ಥನೆಯಿಲ್ಲ. ಅವು ಬಂದಲ್ಲೆಲ್ಲ ಕಥೆಯೂ ನಿಂತುಬಿಡುತ್ತದೆ. ಹಾಗಾದರೆ ಬಡತನವೇ ಗುಣವೋ ಎಂದು ಕೇಳಬಹುದು. ಅಲ್ಲ. ಧಾರಾಳವಾಗಿ ಖರ್ಚು ಮಾಡಿದ ‘ಪಾತಾಳ ಭೈರವಿ’ (1951) ಇವೆಲ್ಲಕ್ಕಿಂತ ಮೇಲಿನದು, ಏಕೆಂದರೆ ಮಾರ್ಕಸ್ ಬಾರ್ಟ್ಲಿಯವರ ಕ್ಯಾಮೆರಾದಲ್ಲಿ ಅದೇ ಕೈಕೆಲಸ ಇನ್ನೂ ನಯವಾಗಿದೆ. ‘ಜಗನ್ಮೋಹಿನಿ’ 2009ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸಿನೊಂದಿಗೆ ತಮಿಳಿನಲ್ಲಿ ಮತ್ತೆ ಬಂತು. ನನ್ನ ಕಣ್ಣಿಗೆ ಅದರಲ್ಲಿ ಒಲೆಯ ಆ ಬಿಸಿ ಇಲ್ಲ. ರೇ ಹ್ಯಾರಿಹೌಸನ್ 1958ರ ಸಿಂದಬಾದ್ ಚಿತ್ರದಲ್ಲಿ ಅಸ್ಥಿಪಂಜರವನ್ನು ಒಂದೊಂದೇ ಫ್ರೇಮಿಗೆ ಕೈಯಿಂದ ಕದಲಿಸಿ ಕತ್ತಿ ಬೀಸಿಸಿದ. ಆ ಚೂರು ತಡವರಿಕೆಯಿಂದಲೇ ಅದು ಸತ್ತವನ ನಡಿಗೆಯೆಂದು ನಂಬಿಕೆ ಬರುತ್ತದೆ.

ಮನುಷ್ಯ ಮೇಕೆಯಾಗುವ ದೃಶ್ಯವನ್ನೇ ತೆಗೆದುಕೊಳ್ಳಿ. ಕ್ಯಾಮೆರಾ ನಿಲ್ಲಿಸಬೇಕು, ನಟ ಸರಿಯಬೇಕು, ಅದೇ ಜಾಗಕ್ಕೆ ಮೇಕೆ ಬರಬೇಕು, ಮತ್ತೆ ಕ್ಯಾಮೆರಾ ಓಡಬೇಕು. ಅಷ್ಟು ಹೊತ್ತೂ ಉಳಿದವರೆಲ್ಲ ಎತ್ತಿದ ಕೈ ಇಳಿಸದೆ, ತಿರುಗಿಸಿದ ಕತ್ತು ಅಲ್ಲಾಡಿಸದೆ ನಿಲ್ಲಬೇಕು. ಮುಂದಿನ ಸಲ ಇಂಥ ಚಿತ್ರ ಟಿವಿಯಲ್ಲಿ ಬಂದಾಗ ಮಂತ್ರವಾದಿಯನ್ನು ಬಿಟ್ಟು ಹಿಂದೆ ಈಟಿ ಹಿಡಿದು ನಿಂತ ಭಟರನ್ನು ನೋಡಿ. ಹೊಗೆ ಚಿಮ್ಮುವ ಕ್ಷಣದಲ್ಲಿ ಯಾವನಾದರೊಬ್ಬನ ಈಟಿ ಬೆರಳಗಲ ಜರುಗಿರುತ್ತದೆ. ಮಿಕ್ಕವರೆಲ್ಲ ಉಸಿರು ಬಿಗಿಹಿಡಿದು ಹಾಗೆಯೇ ನಿಂತಿರುತ್ತಾರೆ.