ಸ್ಕ್ರೂಡ್ರೈವರ್ ಕೊನೆಗಿರಲಿ

ಐಡ್ಲಿಂಗ್ ನಿಲ್ಲದ ಎಂಜಿನ್ ಕಂಡರೆ ನಮ್ಮ ಕೈ ತಾನಾಗಿ ಸ್ಕ್ರೂಡ್ರೈವರ್ ಹುಡುಕುತ್ತದೆ. ಸ್ಕೂಟರ್ ಕಾಲದಿಂದ ಅಂಟಿದ ಚಾಳಿ. ಕಾರ್ಬೊರೇಟರಿನ ಸ್ಕ್ರೂ ಅರ್ಧ ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ. ಸದ್ದು ತುಸು ಹದಕ್ಕೆ ಬಂತೋ, ಕೈ ಒರೆಸಿಕೊಂಡು ಎದ್ದುಬಿಡುವುದು. ಮನೆಯಲ್ಲೇ ಕಟ್ಟಿಕೊಂಡ ವಿಮಾನದ ಮೂತಿಯಲ್ಲಿ ರೋಟ್ಯಾಕ್ಸ್ 912 ಕೂತಿದ್ದರೆ ಈ ಚಾಳಿಯನ್ನು ಹ್ಯಾಂಗರಿನ ಬಾಗಿಲಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಆಸ್ಟ್ರಿಯಾದ ಈ ನಾಲ್ಕು ಸಿಲಿಂಡರ್ ಎಂಜಿನ್ 80 ಮತ್ತು 100 ಅಶ್ವಶಕ್ತಿಯ ರೂಪಗಳಲ್ಲಿ ಜಗತ್ತಿನ ಹಗುರ ವಿಮಾನಗಳನ್ನೆಲ್ಲ ಆಳುತ್ತಿದೆ. ಅಮೆರಿಕದ ಓಶ್‌ಕಾಶ್‌ನಲ್ಲಿ ಬೇಸಿಗೆಯ ವಿಮಾನ ಜಾತ್ರೆಗೆ ಬರುವ ಕಿಟ್ ವಿಮಾನಗಳಲ್ಲಿ ಇದನ್ನು ಹುಡುಕಬೇಕಾಗಿಲ್ಲ. ಬೆಂಗಳೂರಿನ ರಾಜಹಂಸ ಕಂಪನಿಯ ಎಕ್ಸ್-ಏರ್ ಕಿಟ್ ತರಿಸಿಕೊಂಡು ತಮ್ಮ ಗ್ಯಾರೇಜಿನಲ್ಲಿ ಜೋಡಿಸಿದ ಬ್ರಿಟನ್ನಿನ ಹವ್ಯಾಸಿಗಳಲ್ಲೂ ಕೆಲವರು ಇದನ್ನೇ ಕೂರಿಸಿದ್ದಾರೆ. ಇದಕ್ಕೆ ಎರಡು ಬಿಂಗ್ ಕಾರ್ಬೊರೇಟರ್: ಬಲಗಡೆಯ ಎರಡು ಸಿಲಿಂಡರಿಗೆ ಒಂದು, ಎಡಗಡೆಯ ಎರಡಕ್ಕೆ ಇನ್ನೊಂದು. ಒಂದೇ ನೊಗದ ಎತ್ತುಗಳು ಇವು. ಒಂದು ಹಿಂದೆ ಬಿದ್ದರೂ ಗಾಡಿ ಕುಲುಕುತ್ತದೆ. ಎರಡೂ ಕಡೆಯ ಮ್ಯಾನಿಫೋಲ್ಡುಗಳನ್ನು ಜೋಡಿಸುವ ಬ್ಯಾಲೆನ್ಸ್ ಕೊಳವೆ ಸಣ್ಣಪುಟ್ಟ ವ್ಯತ್ಯಾಸವನ್ನು ಮುಚ್ಚಿಹಾಕಿ ಕಾಪಾಡುತ್ತದೆ. ಹಾಗಾಗಿ ನಡುಕ ನಮ್ಮ ಗಮನಕ್ಕೆ ಬರುವ ಹೊತ್ತಿಗೆ ದೋಷ ಸಾಕಷ್ಟು ಬಲಿತಿರುತ್ತದೆ.

ಮೊದಲು ಥ್ರಾಟಲ್ ನಿಧಾನವಾಗಿ ಏರಿಸಿ ನೋಡಬೇಕು. ವೇಗ ಹೆಚ್ಚಿದಂತೆ ನಡುಕವೂ ಹೆಚ್ಚಿದರೆ ಎಂಜಿನ್ನನ್ನು ಬೈಯಬೇಡಿ, ಪ್ರೊಪೆಲ್ಲರಿನ ತೂಕ, ಅಲಗುಗಳ ಪಿಚ್ ಪರೀಕ್ಷಿಸಿ. ಏರಿಸಿದೊಡನೆ ಎಲ್ಲ ಸರಿಹೋದರೆ ತಪ್ಪು ಐಡಲ್ ಹಾದಿಯಲ್ಲೇ ಇದೆ. ಇಗ್ನಿಷನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಪ್ರತಿ ಸಿಲಿಂಡರಿಗೆ ಎರಡು ಪ್ಲಗ್, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸರ್ಕ್ಯೂಟ್. 4000 ಸುತ್ತಿನಲ್ಲಿ ಒಂದೊಂದನ್ನೇ ಆರಿಸಿದಾಗ ಇಳಿಕೆ 300 ದಾಟಬಾರದು. ಎರಡೂ ಸಮನಾಗಿದ್ದರೆ ಅನುಮಾನ ಪೆಟ್ರೋಲು ಮತ್ತು ಗಾಳಿಯ ಕಡೆ ತಿರುಗಲಿ.

ಆಮೇಲೆ ಚೋಕ್. ಹೆಸರು ಚೋಕ್ ಆದರೂ ಬಿಂಗ್‌ನಲ್ಲಿ ಅದು ಗಾಳಿಯ ಕತ್ತು ಹಿಸುಕುವುದಿಲ್ಲ. ಪಕ್ಕದಲ್ಲೇ ಇರುವ ಪುಟ್ಟದೊಂದು ಕಾರ್ಬೊರೇಟರಿನಂತೆ ಹೆಚ್ಚುವರಿ ಪೆಟ್ರೋಲು ಸುರಿಯುತ್ತದೆ, ಅದೂ ಥ್ರಾಟಲ್ ಮುಚ್ಚಿದ್ದಾಗ ಮಾತ್ರ. ಕೇಬಲ್ ಬಿಗಿಯಾಗಿದ್ದು, ಲಿವರ್ ಪೂರ್ತಿ ಹಿಂದಕ್ಕೆ ಬಂದರೂ ಒಂದು ಕಡೆಯ ಚೋಕ್ ಕೂದಲೆಳೆಯಷ್ಟು ತೆರೆದೇ ಉಳಿಯಿತೆನ್ನಿ. ಹಾರುವಾಗ ಎಂಜಿನ್ ಬಂಗಾರ, ಟ್ಯಾಕ್ಸಿ ಮಾಡುವಾಗ ರಂಪ. ಕೇಬಲ್ಲಿಗೆ ತುಸು ಸಡಿಲು ಕೊಟ್ಟರೆ ಮುಗಿಯುವ ಈ ತೊಂದರೆಗೆ ಜನ ಇಡೀ ಕಾರ್ಬೊರೇಟರ್ ಬಿಚ್ಚಿ ಹರಡಿಕೊಂಡು ಕೂರುತ್ತಾರೆ.

ಬಿಚ್ಚಲೇಬೇಕಾದ ಸಂದರ್ಭವೂ ಇದೆ, ಫ್ಲೋಟ್‌ಗಳದ್ದು. ಬಿಂಗ್‌ನ ತೊಟ್ಟಿಯಲ್ಲಿ ತೇಲುವ ಎರಡು ಕರಿ ಫ್ಲೋಟ್‌ಗಳು ಕೆಲವು ಸಲ ಪೆಟ್ರೋಲು ಹೀರಿಕೊಂಡು ಭಾರವಾಗುತ್ತವೆ. ಭಾರವಾದದ್ದು ಮುಳುಗುತ್ತದೆ, ಒಳಗಿನ ಮಟ್ಟ ಏರುತ್ತದೆ, ಆ ಕಡೆಯ ಎರಡು ಸಿಲಿಂಡರುಗಳಿಗೆ ಮಿಶ್ರಣ ದಪ್ಪವಾಗುತ್ತದೆ. ಪ್ಲಗ್ ಬಿಚ್ಚಿದರೆ ಒಂದು ಕಡೆಯ ಜೋಡಿ ಕಂದು ಬಣ್ಣ, ಇನ್ನೊಂದು ಕಡೆಯದು ಮಸಿ ಹಿಡಿದಿರುತ್ತದೆ. ರೋಟ್ಯಾಕ್ಸ್ ಈ ಬಗ್ಗೆ ಸೇವಾ ಸೂಚನೆಗಳನ್ನೇ ಹೊರಡಿಸಿದೆ: ಒಂದು ಕಾರ್ಬೊರೇಟರಿನ ಎರಡು ಫ್ಲೋಟ್‌ಗಳ ಒಟ್ಟು ತೂಕ 7 ಗ್ರಾಂ ಮೀರಬಾರದು. ಚಿನ್ನ ತೂಗುವಂಥ ಚಿಕ್ಕ ತಕ್ಕಡಿಯೊಂದು ಟೂಲ್‌ಬಾಕ್ಸಿನಲ್ಲಿರಬೇಕು ಎಂದು ನಾನು ವಾದಿಸುವುದು ಇದಕ್ಕೇ. ತೊಟ್ಟಿ ಕಳಚಿದಾಗ ತಳದಲ್ಲಿ ನೀರಿನ ಹನಿ, ರಬ್ಬರಿನ ಚೂರು ಇದೆಯೇ ಎಂದು ನೋಡಿಬಿಡಿ. ಐಡಲ್ ಜೆಟ್ಟಿನ ರಂಧ್ರ ಸೂಜಿಮೊನೆಗಿಂತ ಸಣ್ಣದು, ಒಂದು ಕಣ ಸಾಕು ಅದನ್ನು ಮುಚ್ಚಲು. ತಂತಿ ತೂರಿಸಬೇಡಿ, ಊದಿ ತೆಗೆಯಿರಿ.

ನೀರಿನ ಮಾತು ಬಂತು. ರೋಟ್ಯಾಕ್ಸ್ 912ಕ್ಕೆ ಒಪ್ಪಿರುವುದು ಶೇಕಡಾ 10ರಷ್ಟು ಎಥನಾಲ್ ಇರುವ ಪೆಟ್ರೋಲಿನವರೆಗೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಇ20. ಎಥನಾಲ್ ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಸುಮ್ಮನೆ ಬಿಡುವುದಿಲ್ಲ. ವಾರಗಟ್ಟಲೆ ಹ್ಯಾಂಗರಿನಲ್ಲೇ ನಿಲ್ಲುವ ವಿಮಾನಕ್ಕೆ ಇದು ಇನ್ನೂ ಕೆಟ್ಟದ್ದು. ಬಂಕಿನವರು ಏನೇ ಹೇಳಲಿ, ಇಲ್ಲಿ ಎಂಜಿನ್ ಕೈಪಿಡಿಯ ಮಾತೇ ಕೊನೆಯದು.

ಕಾರ್ಬೊರೇಟರನ್ನು ಮ್ಯಾನಿಫೋಲ್ಡಿಗೆ ಹಿಡಿದಿಡುವ ರಬ್ಬರ್ ಫ್ಲ್ಯಾಂಜ್ ಬಿರಿದಿದ್ದರೆ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತದೆ. ಐಡಲ್‌ನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಒಳಗಿನ ಎಳೆತ ಅತಿ ಜೋರು, ಎಂಜಿನ್ ಕುಡಿಯುವ ಗಾಳಿ ಅತಿ ಕಡಿಮೆ. ಸಣ್ಣ ಬಿರುಕೂ ದೊಡ್ಡ ಪಾಲು ಕಸಿದುಕೊಳ್ಳುತ್ತದೆ. ಕಾರ್ ಗ್ಯಾರೇಜಿನಲ್ಲಿ ಓಡುವ ಎಂಜಿನ್ ಮೇಲೆ ಸ್ಪ್ರೇ ಹೊಡೆದು ಬಿರುಕು ಹುಡುಕುವವರಿದ್ದಾರೆ. ತಿರುಗುವ ಪ್ರೊಪೆಲ್ಲರಿನ ಹಿಂದೆ ನಿಂತು ಆ ಸಾಹಸ ನನಗಂತೂ ಬೇಡ. ಎಂಜಿನ್ ಆರಿಸಿ, ಕೀಲಿ ಜೇಬಿಗಿಳಿಸಿ, ಟಾರ್ಚು ಹಿಡಿದು ರಬ್ಬರನ್ನು ಬಗ್ಗಿಸಿ ನೋಡಿದರೆ ಕಾಣುತ್ತದೆ.

ಇಷ್ಟೆಲ್ಲ ಸರಿಯಿದ್ದ ಮೇಲೆ ಹೊಂದಾಣಿಕೆಯ ಕೆಲಸ. ಮೊದಲು ಎರಡೂ ಥ್ರಾಟಲ್ ಕೇಬಲ್‌ಗಳು ಒಂದೇ ಗಳಿಗೆಯಲ್ಲಿ ಅಲುಗುವಂತೆ, ಒಂದೇ ಗಳಿಗೆಯಲ್ಲಿ ತಡೆಗೆ ತಾಗುವಂತೆ ಮಾಡಬೇಕು. ಆಮೇಲೆ ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ಬಾಲ ಕಟ್ಟಿ, ಎರಡೂ ಕಡೆಗೆ ವ್ಯಾಕ್ಯೂಮ್ ಗೇಜ್ ಜೋಡಿಸಿ, ಬಿಸಿಯಾದ ಎಂಜಿನ್ ಮೇಲೆ ಓದಬೇಕು. ಬ್ಯಾಲೆನ್ಸ್ ಕೊಳವೆಯ ದಾರಿ ಮುಚ್ಚಿರಲಿ, ಇಲ್ಲವಾದರೆ ಗೇಜುಗಳು ಸಮ ತೋರಿಸಿ ನಿಮ್ಮನ್ನು ಖುಷಿಪಡಿಸುತ್ತವೆ ಅಷ್ಟೇ. ಸ್ಕ್ರೂಡ್ರೈವರಿನ ಸರದಿ ಬರುವುದು ಇಲ್ಲಿ.

ಐಡಲ್ ಎಷ್ಟಕ್ಕೆ ನಿಲ್ಲಿಸಬೇಕು ಎಂಬುದರಲ್ಲಿ ಜಗಳವಿದೆ. ಕೈಪಿಡಿಯ ಕನಿಷ್ಠ 1400. ನನ್ನ ಓಟು ಅದಕ್ಕಿಂತ ಮೇಲೆ, 1700ರ ಆಸುಪಾಸಿಗೆ. ಈ ಎಂಜಿನ್ನಿಗೆ ಗೇರ್‌ಬಾಕ್ಸ್ ಇದೆ, ಕಡಿಮೆ ವೇಗದಲ್ಲಿ ಪ್ರತಿ ಸಿಲಿಂಡರಿನ ಹೊಡೆತವೂ ಹಲ್ಲುಗಳ ನಡುವೆ ಬಡಿಯುತ್ತದೆ. 1700ರ ಐಡಲ್‌ನಲ್ಲಿ ಇಳಿಯುವಾಗ ವಿಮಾನ ರನ್‌ವೇ ಮೇಲೆ ತೇಲುತ್ತಲೇ ಹೋಗುತ್ತದೆ ಎಂಬ ದೂರು ಇರುವವರು ಅಪ್ರೋಚ್ ವೇಗ ನೋಡಿಕೊಳ್ಳಲಿ, ಅಲಗುಗಳ ಪಿಚ್ ನೋಡಿಕೊಳ್ಳಲಿ.