ಕಿವಿಗೆ ಬಿದ್ದದ್ದೆಲ್ಲ ಓದಲ್ಲ

ಕಣ್ಣು ಕಾಣದ ಮಗುವಿನ ಕೈಗೆ ಒಂದು ಮೊಬೈಲ್ ಕೊಟ್ಟು, ಅದರಲ್ಲಿ ಯಾರದೋ ಇಂಪಾದ ದನಿಯಲ್ಲಿ ಹತ್ತು ಕತೆಗಳನ್ನು ತುಂಬಿಸಿಟ್ಟರೆ ಆ ಮಗುವಿಗೆ ಓದು ಸಿಕ್ಕಿತು ಎಂಬ ನಂಬಿಕೆ ನಮ್ಮ ನಡುವೆ ಗಟ್ಟಿಯಾಗಿದೆ. ಇದರ ಹಿಂದೆ ಒಳ್ಳೆಯ ಮನಸ್ಸಿದೆ, ಅನುಮಾನವಿಲ್ಲ. ಆದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವನ್ನೂ ಒರೆಗೆ ಹಚ್ಚಿ ನೋಡಬೇಕಾಗುತ್ತದೆ. ಮಗು ಕತೆ ಕೇಳಿತು, ನಿಜ. ಅದು ಓದಿತೇ ಎಂಬುದು ನಮ್ಮ ಪ್ರಶ್ನೆ.

ಅಂಧ ಮಗುವನ್ನು ಕಿವಿಯ ಮೂಲಕವೇ ಬೆಳೆಸಿದ ದೊಡ್ಡ ಪರಂಪರೆಗಳು ನಮ್ಮ ನಾಡಿನಲ್ಲಿವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು ತಾವೇ ಅಂಧರಾಗಿದ್ದು ಅಂಧ ಮಕ್ಕಳಿಗೆ ಸಂಗೀತದ ಬದುಕು ಕಟ್ಟಿಕೊಟ್ಟರು. ಮದರಸಾಗಳಲ್ಲಿ ಉಸ್ತಾದರ ಬಾಯಿಂದ ಕೇಳಿ ಕೇಳಿಯೇ ಕುರ್‌ಆನ್ ಕಂಠಪಾಠ ಮಾಡಿದ ಅಂಧ ಹಾಫಿಜರಿದ್ದಾರೆ. ಈ ಎರಡೂ ಪರಂಪರೆಗಳ ಬಗ್ಗೆ ನಮಗೆ ಗೌರವವಿದೆ. ಆದರೆ ಎರಡರಲ್ಲೂ ಮಗುವಿನ ಎದುರಿಗೆ ಗುರು ಕುಳಿತಿರುತ್ತಾರೆ. ತಪ್ಪಿದಲ್ಲಿ ನಿಲ್ಲಿಸುತ್ತಾರೆ, ತಿದ್ದುತ್ತಾರೆ, ಮತ್ತೆ ಹೇಳಿಸುತ್ತಾರೆ. ರೆಕಾರ್ಡು ಮಾಡಿದ ದನಿಗೆ ಆ ಗುಣವಿಲ್ಲ. ಅದು ತನ್ನ ಪಾಡಿಗೆ ತಾನು ಹರಿದುಹೋಗುತ್ತದೆ. ಗುರುವನ್ನು ತೆಗೆದು ಕಿವಿಯನ್ನು ಮಾತ್ರ ಉಳಿಸಿಕೊಂಡದ್ದೇ ಇಂದಿನ ಅನೇಕ ಆಪ್‌ಗಳ ಮೂಲ ದೋಷ.

ಕನ್ನಡ, ಉರ್ದು ಎರಡರಲ್ಲೂ ಅಕ್ಷರ ಕಲಿತವರಿಗೆ ಈ ದೋಷ ಬೇಗ ಕಾಣುತ್ತದೆ. 'ಭಾಷೆ'ಯ ಷ, 'ದೇಶ'ದ ಶ ನಮ್ಮ ದಿನಬಳಕೆಯ ಮಾತಿನಲ್ಲಿ ಒಂದೇ ರೀತಿ ಕೇಳಿಸುತ್ತವೆ. ಎಲ್ಲಿ ಯಾವುದನ್ನು ಬರೆಯಬೇಕೆಂದು ಕಿವಿ ಹೇಳಿಕೊಡುವುದಿಲ್ಲ. ಉರ್ದುವಿನಲ್ಲಂತೂ ಸೇ, ಸೀನ್, ಸ್ವಾದ್ ಮೂರಕ್ಕೂ ಒಂದೇ ಉಚ್ಚಾರ. ಜಾಲ್, ಜೇ, ಜ್ವಾದ್, ಜೋಯ್ ನಾಲ್ಕಕ್ಕೂ ಇನ್ನೊಂದು. ಕೇಳಿಯಷ್ಟೇ ಬೆಳೆದ ಮಗು ಜಾಣನಾಗಬಹುದು, ಮಾತುಗಾರನಾಗಬಹುದು. ಒಂದು ಅರ್ಜಿ ಬರೆಯಲು ಕುಳಿತಾಗ ಮಾತ್ರ ಅದಕ್ಕೆ ಮತ್ತೊಬ್ಬರ ಕೈ ಬೇಕಾಗುತ್ತದೆ. ಅಕ್ಷರಸ್ಥನಾಗುವುದು ಎಂದರೆ ಆ ಕೈಯ ಹಂಗಿನಿಂದ ಬಿಡುಗಡೆಯಾಗುವುದು ತಾನೆ?

ಈ ಬಿಡುಗಡೆಗೆ ದಾರಿ ಸಿಕ್ಕಿ ಎರಡು ಶತಮಾನಗಳಾದವು. ಫ್ರಾನ್ಸಿನ ಲೂಯಿ ಬ್ರೈಲ್ ತನ್ನ ಹದಿಹರೆಯದಲ್ಲೇ, 1824ರಲ್ಲಿ, ಆರು ಚುಕ್ಕೆಗಳ ಲಿಪಿಗೆ ರೂಪ ಕೊಟ್ಟ. ನಮ್ಮ ದೇಶದ ಭಾಷೆಗಳಿಗಾಗಿ 1951ರಲ್ಲಿ ಭಾರತಿ ಬ್ರೈಲ್ ಒಪ್ಪಿತವಾಯಿತು. ಅದರಲ್ಲಿ ಶ ಬೇರೆ, ಷ ಬೇರೆ; ಬೆರಳಿಗೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಇನ್ನೊಂದು ಸೊಗಸೂ ಇದೆ. ಕನ್ನಡದ ಕ, ಹಿಂದಿಯ ಕ, ಉರ್ದುವಿನ ಕಾಫ್ ಮೂರೂ ಅಲ್ಲಿ ಒಂದೇ ಚುಕ್ಕೆಗಳು. ಕಾಗದದ ಮೇಲೆ ಬಲದಿಂದ ಎಡಕ್ಕೆ ಸಾಗುವ ಉರ್ದು, ಬ್ರೈಲ್‌ನಲ್ಲಿ ಕನ್ನಡದಂತೆಯೇ ಎಡದಿಂದ ಬಲಕ್ಕೆ ಸಾಗುತ್ತದೆ. ಕಣ್ಣಿದ್ದವರು ಲಿಪಿಯ ಹೆಸರಿನಲ್ಲಿ ಎಷ್ಟು ಜಗಳವಾಡಿದರೂ ಬೆರಳುಗಳು ಎಂದೋ ರಾಜಿಯಾಗಿವೆ.

ಹಾಗಿದ್ದರೆ ಕಂಪ್ಯೂಟರಿನ ಮೇಲಿನ ಓದಿನ ಸಾಧನ ಹೇಗಿರಬೇಕು? ಅದರ ಒಳಗಿರುವ ಪಠ್ಯ ಮೊದಲು ಅಕ್ಷರವಾಗಿರಬೇಕು. ಇದು ವಿಚಿತ್ರವಾಗಿ ಕೇಳಿಸಬಹುದು. ಆದರೆ ಕನ್ನಡದ ಎಷ್ಟೋ ಪುಸ್ತಕಗಳು, ಪತ್ರಿಕೆಗಳು ಪರದೆಯ ಮೇಲೆ ಕನ್ನಡದಂತೆ ಕಾಣುತ್ತವೆಯೇ ಹೊರತು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂಕೇತ. ಮೇಲೆ ಕನ್ನಡದ ವೇಷ. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆ ವೇಷವನ್ನು ನೋಡುವುದಿಲ್ಲ, ಒಳಗಿನದನ್ನು ಓದುತ್ತದೆ. ಮಗುವಿನ ಕಿವಿಗೆ ಬೀಳುವುದು ಅರ್ಥವಿಲ್ಲದ ಗದ್ದಲ. ಉರ್ದುವಿನಲ್ಲಿ ಇನ್‌ಪೇಜ್ ತಂತ್ರಾಂಶದ ಹಳೆಯ ಕಡತಗಳದ್ದೂ ಇದೇ ಕತೆ. ನಸ್ತಾಲೀಕಿನ ಬಳುಕು ಕಣ್ಣಿಗೆ ಹಬ್ಬ, ಯಂತ್ರಕ್ಕೆ ಮೂಕ. ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿ ಜಾಲಕ್ಕೇರಿಸಿದರೆ ಅಲ್ಲಿ ಅಕ್ಷರವೇ ಇರುವುದಿಲ್ಲ. ಫೋಟೋದಿಂದ ಅಕ್ಷರ ಹೆಕ್ಕುವ ಯಂತ್ರಗಳು ಇಂದು ಬಂದಿವೆಯಲ್ಲ ಎನ್ನಬಹುದು. ಅವು ಒತ್ತಕ್ಷರವೊಂದನ್ನು ತಪ್ಪಾಗಿ ಊಹಿಸಿದರೆ, ಕಲಿಯುವ ಮಗುವಿಗೆ ಅದು ತಪ್ಪೆಂದು ಹೇಳುವವರು ಯಾರು?

ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, 2006ರಿಂದ ಕಟ್ಟುತ್ತ ಬಂದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಕೊರತೆ ಇರುವುದು ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡ ವಿನ್ಯಾಸದಲ್ಲಿ. ದೊಡ್ಡವರು ಯಂತ್ರದ ದನಿಯನ್ನು ಓಡಿಸಿಕೊಂಡು ಹೋಗುತ್ತಾರೆ. ಮಗು ನಿಲ್ಲಬೇಕು, ಹಿಂದಕ್ಕೆ ಬರಬೇಕು, ಒಂದು ಪದವನ್ನು ಬಿಡಿಸಿ ನೋಡಬೇಕು. 'ಪುಸ್ತಕ' ಎಂಬಲ್ಲಿ ನಿಂತು ಕೇಳಿದರೆ, 'ಸಕ್ಕೆ ತ ಒತ್ತು' ಎಂದು ಮೇಷ್ಟರು ಹೇಳುವಂತೆ ಸಾಧನ ಹೇಳಬೇಕು. ಅದೇ ಹೊತ್ತಿಗೆ ಬ್ರೈಲ್ ಚುಕ್ಕೆಗಳು ಬೆರಳಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ರೂಪಿಸಿದ 'ಆನಿ' ಎಂಬ ಉಪಕರಣ ದನಿ ಮತ್ತು ಚುಕ್ಕೆ ಎರಡನ್ನೂ ಜೊತೆಗಿಟ್ಟು ಬ್ರೈಲ್ ಕಲಿಸುತ್ತದೆ. ಹಿಡಿಯಬೇಕಾದ ಜಾಡು ಇದು. ಇನ್ನು ಮಂದದೃಷ್ಟಿಯ ಮಕ್ಕಳಿಗೆ ಅಕ್ಷರ ದೊಡ್ಡದಾಗಬೇಕು, ದೊಡ್ಡದಾದಾಗ ಸಾಲು ಪರದೆಯಾಚೆ ಓಡಿಹೋಗಬಾರದು, ಅಕ್ಷರದ ಬಣ್ಣ ಹಿನ್ನೆಲೆಯಲ್ಲಿ ಕರಗಬಾರದು.

ಮಕ್ಕಳ ಪುಸ್ತಕದಲ್ಲಿ ಅರ್ಧ ಕತೆ ಚಿತ್ರದಲ್ಲಿರುತ್ತದೆ. 'ಅಜ್ಜಿ ರೊಟ್ಟಿ ಎಣಿಸಿದಳು, ಒಂದು ಕಡಿಮೆ' ಎಂದು ಸಾಲಿದ್ದು, ಕದ್ದ ಬೆಕ್ಕು ಚಿತ್ರದಲ್ಲಿ ಮಾತ್ರ ಇದ್ದರೆ, ಚಿತ್ರವಿವರಣೆಯಲ್ಲಿ 'ಅಡುಗೆಮನೆಯ ಚಿತ್ರ' ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಬೆಕ್ಕು ಬರಬೇಕು, ಆದರೆ ನಗು ಕೆಡದಂತೆ ಬರಬೇಕು. ಇದು ಕತೆಗಾರರ ಕೆಲಸ, ತಂತ್ರಜ್ಞರದ್ದಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ, ಉರ್ದು ಕತೆಗಳು ಮುಕ್ತ ಪರವಾನಗಿಯಲ್ಲಿವೆ. ಅವಕ್ಕೆ ವಿವರಣೆ ಬರೆಯಲು, ಬ್ರೈಲ್‌ಗೆ ತರಲು ಯಾರ ಅಪ್ಪಣೆಯೂ ಬೇಡ.

ಕಾನೂನು ಅಡ್ಡಿ ಎಂಬ ಮಾತೂ ಇಂದು ನಿಲ್ಲುವುದಿಲ್ಲ. ಕಣ್ಣು ಕಾಣದವರಿಗೆ ಎಟುಕುವ ರೂಪಕ್ಕೆ ಪುಸ್ತಕವನ್ನು ಲಾಭದಾಸೆಯಿಲ್ಲದೆ ಪರಿವರ್ತಿಸಲು 2012ರ ಕೃತಿಸ್ವಾಮ್ಯ ತಿದ್ದುಪಡಿ ದಾರಿ ಮಾಡಿತು. ಮರಕೇಶ್ ಒಪ್ಪಂದಕ್ಕೆ 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದನೆ ಕೊಟ್ಟದ್ದು ನಮ್ಮ ದೇಶ. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರಲ್ಲಿ ಆರಂಭವಾಯಿತು. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆ 18 ವರ್ಷದವರೆಗೆ ಪುಸ್ತಕ ಮತ್ತು ಕಲಿಕೆಯ ಸಾಧನಗಳನ್ನು ಉಚಿತವಾಗಿ ಕೊಡಬೇಕೆಂದಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಲೋಕದ ಪ್ರವೇಶವನ್ನು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನೊಳಗೇ ಇಟ್ಟಿತು. ಹಕ್ಕು ಎಂದ ಮೇಲೆ ದಾನದ ಭಾಷೆ ಬಿಡಬೇಕು. ದಾನವಾದರೆ ಸಿಕ್ಕಿದ್ದನ್ನು ಸುಮ್ಮನೆ ತೆಗೆದುಕೊಳ್ಳಬೇಕಾಗುತ್ತದೆ. ಹಕ್ಕಾದರೆ 'ಇದು ಸರಿಯಿಲ್ಲ' ಎನ್ನಬಹುದು.

ಹಾಗೆ ಹೇಳುವ ಅವಕಾಶ ಮಗುವಿಗೇ ಇರಬೇಕು. ಸಾಧನ ಸಿದ್ಧವಾದ ಮೇಲೆ ಉದ್ಘಾಟನೆಯ ದಿನ ಅಂಧ ಮಕ್ಕಳನ್ನು ವೇದಿಕೆಗೆ ಕರೆದು ಹಾಡಿಸುವವರು, ಸಾಧನ ಅರ್ಧವಿರುವಾಗಲೇ ಅವರನ್ನು ಮೇಜಿನ ಬಳಿ ಕರೆಯಲಿ. ಎಲ್ಲಿ ಸಿಕ್ಕಿಹಾಕಿಕೊಂಡರು, ಯಾವ ಗುಂಡಿ ಸಿಗಲಿಲ್ಲ, ಯಾವ ಪದ ತಿಳಿಯಲಿಲ್ಲ ಎಂದು ಕೇಳಲಿ. ಪ್ರಕಾಶಕರು ತಮ್ಮ ಮುಂದಿನ ಪುಸ್ತಕವನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಲಿ. ಬರೆಯುವ ನಾವು ಹಸ್ತಪ್ರತಿ ಕೊಡುವಾಗ ಆ ಷರತ್ತನ್ನು ಹಾಕೋಣ. ಕತೆಯನ್ನು ಕೇಳಿ ಚಪ್ಪಾಳೆ ತಟ್ಟುವ ಮಗು ನಮಗೆ ಪ್ರಿಯವೇ. ಆದರೆ 'ಇಲ್ಲಿ ಶ ಅಲ್ಲ, ಷ ಬರಬೇಕಿತ್ತು' ಎಂದು ನಮ್ಮ ಕತೆಯ ಅಚ್ಚಿನ ದೋಷವನ್ನು ಎತ್ತಿ ಆಡುವ ಮಗು ಬರುವ ದಿನವೇ ಅದಕ್ಕೆ ನಿಜವಾಗಿ ಓದು ಸಿಕ್ಕ ದಿನ.